ಘಟ್ಟದ ಮೇಲೆ ಬಿಡಾರ, ಸಮುದ್ರದಲ್ಲಿ ಉಡಿ

ಜಾಗ ಆರಿಸುವ ವಿಷಯದಲ್ಲಿ ನಮ್ಮ ಜುಗೂಳದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದು ಊರು ಹೇಳುವ ಮಾತು. ಊರು ಹೇಳಲು ಮರೆತಾಗ ಮಾತ್ರ ನಾನು ಹೇಳುತ್ತೇನೆ.

ಕೃಷ್ಣಾ ಹೊಳೆಯ ದಂಡೆಯ ಊರು ನಮ್ಮದು. ಮಳೆಗಾಲದಲ್ಲಿ ಹೊಳೆ ಏರತೊಡಗಿತು ಎಂದರೆ ಜನ ಆಕಾಶ ನೋಡುವ ಮೊದಲು ನನ್ನ ಮುಖ ನೋಡುತ್ತಾರೆ. ಯಾರ ಮನೆಯ ಯಾವ ಮೆಟ್ಟಿಲಿಗೆ ಯಾವ ಸಲ ನೀರು ಬಂದಿತ್ತು, ಯಾರ ಗೋಡೆಯ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ಎಂಬುದೆಲ್ಲ ನನಗೆ ಬಾಯಿಪಾಠ. ದನ ಎಲ್ಲಿ ಕಟ್ಟಬೇಕು, ಕಾಳಿನ ಚೀಲ ಎಲ್ಲಿ ಒಟ್ಟಬೇಕು, ಮುದುಕರನ್ನು ಶಾಲೆಯ ಯಾವ ಕೋಣೆಯಲ್ಲಿ ಮಲಗಿಸಬೇಕು, ಎಲ್ಲವನ್ನೂ ನಾನೇ ಹೇಳಬೇಕು. "ಅಣ್ಣಾಸಾಬ ಜಾಗಾ ಹೇಳಿದ ಮ್ಯಾಲ ಮುಗೀತು" ಎನ್ನುತ್ತಾರೆ. ಇಂಥ ನಾನು ನನ್ನ ತಾಯಿಗೆ ಸಮುದ್ರ ತೋರಿಸಲು ಹೊರಟು, ನಾಲ್ಕು ದಿನ ಇಳಿದುಕೊಳ್ಳಲು ಒಂದು ಜಾಗ ಆರಿಸಿದೆ. ಮುಂದಿನದು ಆ ಜಾಗದ ವೃತ್ತಾಂತ.

ಸಮುದ್ರದ ಮಾತು ಬಂದದ್ದು ಹೊಳೆಯಿಂದಲೇ. ಕೆಲವು ವರ್ಷಗಳ ಹಿಂದೆ ದೊಡ್ಡ ನೆರೆ ಬಂದಿತ್ತು. ನಾವೆಲ್ಲ ಶಾಲೆಯ ಮಾಳಿಗೆಯ ಮೇಲೆ ಕೂತಿದ್ದೆವು. ದ್ರಾಕ್ಷಿ ತೋಟದ ಕಲ್ಲಿನ ಕಂಬಗಳ ತುದಿ ಮಾತ್ರ ಕಾಣುತ್ತಿತ್ತು. ಎರಡು ದಿನವಾದರೂ ನೀರು ಇಳಿಯಲಿಲ್ಲ. ಆಗ ಅವ್ವ ಮಾಳಿಗೆಯ ಅಂಚಿಗೆ ಹೋಗಿ, ಸೆರಗು ಒಡ್ಡಿ, ಮನೆಯ ಮಗಳಿಗೆ ಬುದ್ಧಿ ಹೇಳುವ ಧ್ವನಿಯಲ್ಲಿ ಹೊಳೆಗೆ ಹೇಳಿದಳು:

"ತಾಯಿ ಕೃಷ್ಣಾಬಾಯಿ, ತವರಿಗೆ ಬಂದಿ, ಉಂಡಿ, ಎಲ್ಲಾರನೂ ನೋಡಿದಿ. ಹೆಣ್ಣಮಕ್ಕಳು ತವರಾಗ ಭಾಳ ದಿನಾ ಇರಬಾರದವ್ವ. ಗಂಡನ ಮನಿಗೆ ಹೋಗು. ನಾನು ಅಲ್ಲೇ ಬಂದು ನಿನ್ನ ಉಡಿ ತುಂಬತೇನಿ. ಅಲ್ಲೀತನಕಾ ಬೆಲ್ಲಾ ಮುಟ್ಟೂದಿಲ್ಲ."

ಹೊಳೆಯ ಗಂಡನ ಮನೆ ಎಂದರೆ ಸಮುದ್ರ; ಉಡಿ ತುಂಬುವುದೆಂದರೆ ಮಗಳ ಮಡಿಲಿಗೆ ಖಣ, ಕಾಯಿ ಹಾಕುವುದು. ಮರುದಿನ ಬೆಳಗ್ಗೆ ನೀರು ಒಂದು ಮೆಟ್ಟಿಲು ಇಳಿಯಿತು. ಅವ್ವನ ಹರಕೆ ತೀರಿಸುವುದು ಉಳಿಯಿತು.

ಸುತ್ತಲೂ ಕಬ್ಬು ಬೆಳೆಯುವ ಊರಿನಲ್ಲಿ ಬೆಲ್ಲ ಬಿಟ್ಟು ಬದುಕುವುದೆಂದರೆ ಏನು ಎಂದು ನೀವೇ ಯೋಚಿಸಿ. ಅವ್ವನಿಗೆ ಬೆಲ್ಲ ಎಂದರೆ ಪ್ರಾಣ. ರೊಟ್ಟಿಗೆ ಬೆಲ್ಲ, ಚಹಕ್ಕೆ ಬೆಲ್ಲ, ಸಿಟ್ಟು ಬಂದರೆ ಬೆಲ್ಲ, ಇಳಿದರೆ ಇನ್ನೊಂದು ಚೂರು ಬೆಲ್ಲ. ಅಂಥವಳು ಹೋಳಿ ಹುಣ್ಣಿಮೆಗೆ ಮನೆಯವರೆಲ್ಲ ಹೋಳಿಗೆ ತಿನ್ನುವಾಗ ತಾನು ಜೋಳದ ರೊಟ್ಟಿ, ಖಾರ ಹಿಡಿದು ಕೂತಿರುತ್ತಿದ್ದಳು. ಗಾಣದಿಂದ ಬಿಸಿ ಬೆಲ್ಲ ಬಂದ ದಿನ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ನಾನು ಪ್ರತಿ ವರ್ಷ "ಈ ಸಲ ಹೋಗೂಣವ್ವ" ಎನ್ನುತ್ತಿದ್ದೆ. ಪ್ರತಿ ವರ್ಷ ದ್ರಾಕ್ಷಿ ಬಳ್ಳಿ ಕತ್ತರಿಸುವ ಛಾಟಣಿ, ಔಷಧ ಸಿಂಪಡಣೆ, ಕೊಯ್ಲು ಎಂದು ಏನಾದರೊಂದು ಅಡ್ಡ ಬರುತ್ತಿತ್ತು. ಅವ್ವನಿಗೆ ಎಪ್ಪತ್ತೆಂಟಾಯಿತು. ಬಾಯಲ್ಲಿ ಹಲ್ಲು ಒಂದೊಂದೇ ಕಡಿಮೆಯಾದವು. ಒಂದು ದಿನ ನನ್ನ ಹೆಂಡತಿ ಸುಮಿತ್ರಾ ನನ್ನನ್ನು ನಿಲ್ಲಿಸಿ ಹೇಳಿದಳು, "ನೋಡ್ರಿ, ಅತ್ತಿಯವರು ಬೆಲ್ಲಾ ತಿನ್ನಲಾರದ ಹ್ವಾದ್ರ ನಾ ನಿಮ್ಮನ್ನ ಬಿಡೂದಿಲ್ಲ."

ನನಗೆ ಚುರುಕ್ ಎಂದಿತು. ದ್ರಾಕ್ಷಿ ಒಣಗಿ ಮನುಕವಾಗಿ ಶೆಡ್ಡಿನಿಂದ ಇಳಿದಿತ್ತು, ಏಪ್ರಿಲ್ ಛಾಟಣಿಗೆ ಇನ್ನೂ ವಾರವಿತ್ತು. ನಾಲ್ಕು ದಿನ ಹೊರಡುವುದು ಎಂದು ನಿಶ್ಚಯವಾಯಿತು. ಒಂದೇ ಕಡೆ ಬಿಡಾರ ಹೂಡಿ, ಅಲ್ಲಿಂದ ದಿನಾ ಹೋಗಿ ಬಂದು, ಉಡಿ ತುಂಬುವುದರ ಜೊತೆಗೆ ಕೊಂಕಣದ ನಾಲ್ಕು ಗುಡಿಗಳನ್ನೂ ಅವ್ವನಿಗೆ ತೋರಿಸುವುದು ನನ್ನ ಯೋಜನೆ. ಜಾಗ ಆರಿಸುವ ಹೊಣೆ ಯಾರದು ಎಂಬ ಪ್ರಶ್ನೆಯೇ ಏಳಲಿಲ್ಲ!

ಸುಮಿತ್ರಾ ವೆಂಗುರ್ಲೆ ಕಡೆಯ ಒಂದು ಸಣ್ಣ ಮೀನುಗಾರರ ಊರಿನಲ್ಲಿ ಪ್ರವಾಸಿಗಳನ್ನು ಮನೆಯಲ್ಲೇ ಇಳಿಸಿಕೊಳ್ಳುವ ಒಬ್ಬ ಹೆಂಗಸಿನ ಫೋನ್ ನಂಬರು ಯಾರಿಂದಲೋ ತಂದಳು. ನಾನು ಫೋನ್ ಹಚ್ಚಿ, ಮೊದಲು ಕೇಳಬೇಕಾದ್ದನ್ನೇ ಮೊದಲು ಕೇಳಿದೆ. "ಪಾಣಿ ಕುಠಪರ್ಯಂತ ಯೇತೆ?" ನೀರು ಎಲ್ಲಿಯತನಕ ಬರುತ್ತದೆ?

"ಅಗದೀ ದಾರಾಪರ್ಯಂತ, ಸಾಹೇಬ!" ಎಂದಳು ಆಕೆ ಹೆಮ್ಮೆಯಿಂದ. ಸೀದಾ ಬಾಗಿಲತನಕ ಬರುತ್ತದಂತೆ!

ನಾನು ಫೋನ್ ಇಟ್ಟುಬಿಟ್ಟೆ. ಬಾಗಿಲಿಗೆ ನೀರು ಬರುವ ಮನೆಗೆ ನಾನಾಗಿಯೇ ನನ್ನ ತಾಯಿಯನ್ನು ಕರೆದುಕೊಂಡು ಹೋಗಬೇಕೇ? ಜುಗೂಳದವನಾಗಿ ಹುಟ್ಟಿ?

"ಅಕಿ ಸಮುದ್ರ ಹತ್ತರ ಐತಿ ಅಂತ ಹೇಳಿದ್ಲರಿ" ಎಂದಳು ಸುಮಿತ್ರಾ.

"ನೆರೀ ಬರೂ ಮುಂಚೆ ಎಲ್ಲಾ ಹೊಳೀನೂ ಬರೇ ಹತ್ತರ ಇರತೈತಿ" ಎಂದೆ. ಆಕೆಯ ತವರು ರಾಯಬಾಗದ ಕಡೆಯ ಪಾಲಬಾವಿ. ನೀರಿನ ಭಯ ಆಕೆಗೆ ಎಲ್ಲಿಂದ ಗೊತ್ತಾಗಬೇಕು?

ಒಂದು ಹಾಳೆ ತೆಗೆದುಕೊಂಡು ನಿಯಮಾವಳಿ ಬರೆದೆ. ಜಾಗ ಎತ್ತರದಲ್ಲಿರತಕ್ಕದ್ದು. ನೀರು ಬಂದರೆ ಹೊರಬೀಳಲು ಎರಡು ದಾರಿ ಇರತಕ್ಕದ್ದು. ಕಟ್ಟಡ ಕಲ್ಲಿನದಾಗಿರತಕ್ಕದ್ದು. ಅವ್ವನ ಮೂಗಿಗೆ ಮೀನಿನ ವಾಸನೆ ತಾಗಕೂಡದು. ಜೋಳದ ಭಾಕ್ರಿ ಸಿಗತಕ್ಕದ್ದು. ಈ ಹಾಳೆಯನ್ನು ಮುಂದಿಟ್ಟುಕೊಂಡು ಸಮುದ್ರದ ದಂಡೆಯಿಂದ ಹುಡುಕುತ್ತ ಬಂದೆ. ಒಂದೊಂದು ನಿಯಮಕ್ಕೂ ಸಮುದ್ರ ಹತ್ತು ಮೈಲಿ ಹಿಂದೆ ಸರಿಯಿತು. ಕೊನೆಗೆ ಎಲ್ಲ ನಿಯಮಗಳಿಗೂ ಒಪ್ಪುವ ಒಂದು ವಸತಿಗೃಹ ಸಿಕ್ಕಿತು. ಅದು ಆಂಬೋಲಿಯಲ್ಲಿ, ಘಟ್ಟದ ನೆತ್ತಿಯ ಮೇಲೆ ಇತ್ತು.

ಸುಮಿತ್ರಾ ಹಾಳೆ ನೋಡಿದಳು, ನನ್ನನ್ನು ನೋಡಿದಳು.

"ಅಲ್ರಿ, ನಾವು ಸಮುದ್ರ ನೋಡಾಕ ಹೊಂಟೇವೋ, ಸಮುದ್ರದಿಂದ ತಪ್ಪಿಸಿಕೊಳ್ಳಾಕ ಹೊಂಟೇವೋ?"

ದೂರದೃಷ್ಟಿಯುಳ್ಳವರಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ. ನಾನು ಆಂಬೋಲಿಗೆ ಫೋನ್ ಹಚ್ಚಿ ಕೋಣೆ ಹಿಡಿದೆ.

ನಮ್ಮ ಹಳೆಯ ಜೀಪಿನಲ್ಲಿ ಚಿಕ್ಕೋಡಿ, ಸಂಕೇಶ್ವರ, ಆಜರಾ ದಾಟಿ ಸಂಜೆಗೆ ಆಂಬೋಲಿ ಮುಟ್ಟಿದೆವು. ಜಾಗ ಎಂದರೆ ಜಾಗ! ಕಲ್ಲಿನ ಗೋಡೆ, ತಣ್ಣನೆ ಗಾಳಿ, ಬಿಸಿ ಭಾಕ್ರಿ, ಝುಣಕ. ಹಿಂದೆ ಒಂದು ಸಣ್ಣ ತೊರೆ ಬೇಸಿಗೆಯಲ್ಲೂ ಜುಳುಜುಳು ಹರಿಯುತ್ತಿತ್ತು. ನಾನು ಕೂಡಲೇ ಹೋಗಿ ಅದರ ದಂಡೆ ಪರೀಕ್ಷಿಸಿ, ಅದು ಎಷ್ಟೇ ಏರಿದರೂ ನಮ್ಮ ಕೋಣೆಗೆ ಬರಲಾರದು ಎಂದು ಖಾತ್ರಿ ಮಾಡಿಕೊಂಡೆ. ವಸತಿಗೃಹ ನೋಡಿಕೊಳ್ಳುವ ಮುದುಕ ನನ್ನನ್ನು ವಿಚಿತ್ರವಾಗಿ ನೋಡಿದ.

"ಸಮುದ್ರ ಎಲ್ಲೈತೋ ಅಣ್ಣೂ?" ಎಂದಳು ಅವ್ವ.

"ಕೆಳಗೈತವ್ವ. ನಾಳೆ ಇಳಿದು ಹೋಗೂದು, ಉಡಿ ತುಂಬೂದು, ಮಧ್ಯಾಹ್ನದ ಊಟಕ್ಕ ಇಲ್ಲೇ ಬರೂದು."

ಮರುದಿನ ಇಳಿದೆವು. ಘಟ್ಟದ ದಾರಿ ಎಂದರೆ ಬರೀ ತಿರುವು. ಮೂರನೆಯ ತಿರುವಿಗೆ ಅವ್ವ ಕಣ್ಣು ಮುಚ್ಚಿದಳು, ಐದನೆಯದಕ್ಕೆ ಜೀಪು ನಿಲ್ಲಿಸಲು ಹೇಳಿದಳು, ಆಮೇಲಿನ ತಿರುವುಗಳಲ್ಲಿ ಹೇಳಲು ಆಕೆಗೆ ಸಮಯವೇ ಸಿಗಲಿಲ್ಲ. ಬೆಳಗಿನ ಉಪ್ಪಿಟ್ಟು ಘಟ್ಟದಲ್ಲೇ ಉಳಿಯಿತು. ಎರಡೂವರೆ ಗಂಟೆ ಬಿಟ್ಟು ವೆಂಗುರ್ಲೆ ಕಡೆಯ ಸಮುದ್ರದ ದಂಡೆಯಲ್ಲಿ ಇಳಿದಾಗ ಅವ್ವನ ಮುಖ ಬಿಳಿಚಿತ್ತು. ಆದರೆ ಸಮುದ್ರ ಕಂಡದ್ದೇ ತಡ, ಆಕೆ ನನ್ನ ಕೈ ಬಿಟ್ಟು ತಾನೇ ನಡೆದಳು.

ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ಇಷ್ಟ ನೀರಾ! ಇಷ್ಟಿದ್ರೂ ಯಾರ ಮನಿಗೂ ಹೊಗಲಾರದ ಹೆಂಗ ತನ್ನ ಜಾಗಾದಾಗ ಕುಂತೈತಿ ನೋಡೋ."

ಸುಮಿತ್ರಾ ಮೊರ ಹೊರತೆಗೆದಳು. ಇಳಕಲ್ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಹಸಿರು ಬಳೆ. ಅವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು, ಕುಂಕುಮ ಹಾಕಿ, ಕೈಮುಗಿದು ಉಡಿ ಬಿಟ್ಟಳು. ತೆರೆ ಬಂದು ಎತ್ತಿಕೊಂಡು ಹೋಯಿತು. ನಾನು ನಿಟ್ಟುಸಿರು ಬಿಟ್ಟೆ.

ಮುಂದಿನ ತೆರೆ ತಂದು ಅವ್ವನ ಕಾಲಬುಡದಲ್ಲಿ ಇಟ್ಟು ಹೋಯಿತು.

ಕಾಯಿ, ಖಣ, ಎಲ್ಲ. ಅವ್ವ ಎತ್ತಿ ಮತ್ತೆ ಬಿಟ್ಟಳು. ಮತ್ತೆ ಬಂತು. ಮೂರನೆಯ ಸಲವೂ ಬಂತು. ನಾವು ಹೊಳೆಯ ಜನ. ಹೊಳೆಗೆ ಬಿಟ್ಟದ್ದು ಹೋಯಿತೆಂದರೆ ಹೋಯಿತು. ಕೊಟ್ಟದ್ದನ್ನು ವಾಪಸು ತರುವ ನೀರನ್ನು ನಾವು ಕಂಡವರೇ ಅಲ್ಲ. ಅವ್ವ ಒದ್ದೆ ಖಣ ಹಿಡಿದು ನಿಂತುಬಿಟ್ಟಳು.

"ಒಲ್ಲೆ ಅಂತಾಳೋ ಅಣ್ಣೂ. ತಡಾ ಮಾಡಿದೆ ಅಂತ ಸಿಟ್ಟಾಗ್ಯಾಳ."

ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. ತಡ ಮಾಡಿದವನು ನಾನಲ್ಲವೇ?

ಅಷ್ಟರಲ್ಲಿ ದಂಡೆಯ ಮೇಲೆ ಮೀನು ಒಣಹಾಕುತ್ತಿದ್ದ ಒಬ್ಬ ಹೆಂಗಸು ಸೀರೆಯ ಕಚ್ಚೆ ಎತ್ತಿ ಸಿಕ್ಕಿಸಿಕೊಂಡು ಬಂದಳು. "ಆತಾ ಭರತಿ ಆಹೆ, ಆಜಿ. ಓಹೋಟಿಲಾ ಸೋಡಾ, ಜಾಈಲ" ಎಂದಳು. ಈಗ ಸಮುದ್ರ ಏರುತ್ತಿದೆ, ಇಳಿಯುವಾಗ ಬಿಡಿ, ಹೋಗುತ್ತದೆ. ಮಧ್ಯಾಹ್ನದ ಮೇಲೆ ಇಳಿಯತೊಡಗುತ್ತದೆ, ಅಲ್ಲಿಯತನಕ ನಮ್ಮ ಪಡಸಾಲೆಯಲ್ಲಿ ಕೂಡಿ ಎಂದೂ ಕರೆದಳು.

"ದಿನಾ ಏರತೈತೇನವ್ವ?" ಎಂದಳು ಅವ್ವ ಮರಾಠಿಯಲ್ಲಿ.

"ದಿನಾ ಎರಡು ಸಲ, ಆಜಿ!"

ದಿನಕ್ಕೆ ಎರಡು ನೆರೆ ಬರುವ ಊರು! ನನ್ನ ಜಾಗದ ಆಯ್ಕೆ ಎಷ್ಟು ಸರಿ ಎಂದು ನನಗೆ ಮತ್ತೊಮ್ಮೆ ಮನವರಿಕೆಯಾಯಿತು. ಗಡಿಯಾರ ನೋಡಿದೆ. ವಸತಿಗೃಹದಲ್ಲಿ ಮಧ್ಯಾಹ್ನದ ಊಟ ನಾಲ್ಕಕ್ಕೆ ಮುಗಿಯುತ್ತದೆ. ಮೀನು ಬೇಯುವ ಕಡೆ ಅವ್ವ ಉಣ್ಣುವವಳಲ್ಲ, ಬೆಳಗಿನದೂ ಹೊಟ್ಟೆಯಲ್ಲಿ ಉಳಿದಿಲ್ಲ. ಈಗಲೇ ಹೊರಟರೆ ಸರಿ.

"ನಾಳಿಗೆ ಬರೂಣವ್ವ. ಸರಿಯಾದ ಹೊತ್ತಿಗೆ."

ಒದ್ದೆ ಉಡಿ ಜೀಪಿನಲ್ಲಿ, ಅವ್ವ ಸುಮಿತ್ರಾಳ ಹೆಗಲ ಮೇಲೆ, ನಾವು ಘಟ್ಟ ಹತ್ತಿದೆವು. ಭಾಕ್ರಿ ಬಿಸಿಯಾಗಿತ್ತು. ಅವ್ವ ಅರ್ಧ ತಿಂದಳು.

ಎರಡನೆಯ ದಿನ ನಾನು ಲೆಕ್ಕ ಹಾಕಿ ಹೊರಟೆ. ಊಟ ಐದರತನಕ ಇಡುವಂತೆ ಮುದುಕನಿಗೆ ಹೇಳಿ, ನಿನ್ನೆ ನೀರು ಇಳಿಯುತ್ತದೆ ಎಂದು ಆ ಹೆಂಗಸು ಹೇಳಿದ್ದ ಹೊತ್ತಿಗೇ ದಂಡೆಯಲ್ಲಿರುವಂತೆ ಜೀಪು ಬಿಟ್ಟೆ. ಸಮುದ್ರ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆ ತಡವಾಗಿ ಏರುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ನಾವು ಮುಟ್ಟಿದಾಗ ಅದು ಇನ್ನೂ ಏರುತ್ತಲೇ ಇತ್ತು.

ಅವ್ವ ಉಡಿ ಬಿಟ್ಟಳು. ಬಂತು.

ನನಗೆ ರೇಗಿತು. ಉಡಿ ದಂಡೆಯಲ್ಲಿ ಬಿಟ್ಟರೆ ವಾಪಸು ಬರುತ್ತದೆ, ಒಳಗೆ ಹೋಗಿ ಬಿಟ್ಟರೆ ಹೇಗೆ ಬರುತ್ತದೆ ನೋಡೋಣ ಎಂದು ಕಾಯಿ, ಖಣ ಎದೆಗೆ ಅವಚಿಕೊಂಡು ನಾನೇ ನುಗ್ಗಿದೆ. ಕೃಷ್ಣೆಯಲ್ಲಿ ಎತ್ತು ತೊಳೆದವನು, ನೆರೆಯಲ್ಲಿ ಜನ ಹೊತ್ತವನು, ನನಗೆ ಈ ನೀರು ಯಾವ ಲೆಕ್ಕ!

"ಬ್ಯಾಡ್ರಿ!" ಎಂದು ಸುಮಿತ್ರಾ ಕೂಗಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಒಂದು ತೆರೆ ಮುಖಕ್ಕೆ ಬಡಿಯಿತು, ಇನ್ನೊಂದು ಕಾಲಿನಡಿಯ ಮರಳು ಎಳೆಯಿತು, ಮೂರನೆಯದು ನನ್ನನ್ನು ಎತ್ತಿ ತಂದು ದಂಡೆಯ ಮೇಲೆ ಅಂಗಾತ ಕೆಡವಿತು. ಕಣ್ಣು ಬಿಟ್ಟರೆ ಪಕ್ಕದಲ್ಲೇ ತೆಂಗಿನಕಾಯಿ!

ಅಥಣಿಯಲ್ಲಿ ಹೇಳಿ ಹೊಲಿಸಿ ತಂದ ಚಪ್ಪಲಿ ಹೋಗಿತ್ತು. ತಲೆಯ ಮೇಲಿನ ಬಿಳಿ ಟೋಪಿ ಹೋಗಿತ್ತು. ಕೊಟ್ಟದ್ದನ್ನು ಸಮುದ್ರ ತಿರುಗಿ ಕೊಟ್ಟಿತು, ಕೊಡದ್ದನ್ನು ಇಟ್ಟುಕೊಂಡಿತು. ಮೀನಿನ ಹೆಂಗಸು ಬಾಯಿಗೆ ಸೆರಗು ಹಿಡಿದಿದ್ದಳು. ಸುಮಿತ್ರಾ ಬೇರೆ ಕಡೆ ಮುಖ ಮಾಡಿದ್ದಳು, ಆದರೆ ಬೆನ್ನು ಕುಲುಕುತ್ತಿತ್ತು. ಅವ್ವ ಮಾತ್ರ ನಗಲಿಲ್ಲ. ನನ್ನ ತಲೆ ಒರೆಸುತ್ತ, "ನನ್ನ ಸಲುವಾಗಿ ನಿನ್ನ ಕಳಕೊಳ್ಳಲೇನೋ? ಆ ಬೆಲ್ಲಾ ಸುಡ್ಲಿ" ಎಂದಳು.

ಆಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಬರಿಗಾಲಲ್ಲಿ ಜೀಪು ನಡೆಸಿಕೊಂಡು ಘಟ್ಟ ಹತ್ತಿದೆ.

ಮೂರನೆಯ ದಿನ ಅವ್ವನ ಮೊಣಕಾಲು ಬಾತಿತ್ತು. ಬೇಡವೆಂದರೂ ಕೇಳದೆ ಹೊರಟಳು. ಎಲ್ಲ ತಿರುವುಗಳನ್ನೂ ಹಲ್ಲು ಕಚ್ಚಿ ಸಹಿಸಿದಳು, ಅಂದರೆ ಇದ್ದಷ್ಟು ಹಲ್ಲು. ದಂಡೆಯಲ್ಲಿ ಇಳಿದವಳು ಸಮುದ್ರದ ಕಡೆ ಹೋಗಲೇ ಇಲ್ಲ. ಸೀದಾ ಆ ಹೆಂಗಸಿನ ಮನೆಗೆ ಹೋಗಿ, ಪಡಸಾಲೆಯ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಳು.

"ಇನ್ನ ನಾ ಆ ಘಟ್ಟಾ ಹತ್ತೂದಿಲ್ಲ."

"ಅವ್ವ, ಊಟ..."

"ಇಲ್ಲೇ ಬೇಯಿಸಿಕೋತೇನಿ. ಉಡಿ ನಾಳೆ ಜಳಕಾ ಮಾಡಿ ಬಿಡತೇನಿ."

"ಇಲ್ಲಿ ಮೀನಿನ ವಾಸನಿ ಐತವ್ವ!"

"ಮೂಗು ನಂದೋ ನಿಂದೋ?"

"ಅವ್ವ, ನೀರು ಬಾಗಲಕ್ಕ ಬರತೈತಿ..."

ಅಷ್ಟರಲ್ಲಿ ಒಳಗಿಂದ ಆ ಹೆಂಗಸು ತಂಬಿಗೆ ನೀರು ತಂದಳು. ನನ್ನ ಮಾತು ಕೇಳಿ ಬಾಗಿಲಲ್ಲೇ ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಗೋಬಾಯಿ! ಫೋನಿನಲ್ಲಿ ನೀರು ಎಲ್ಲಿಯತನಕ ಬರುತ್ತದೆ ಎಂದು ಕೇಳಿ ಫೋನ್ ಇಟ್ಟವರು ನೀವೇನಾ?" ಎಂದಳು ಮರಾಠಿಯಲ್ಲಿ.

ಸುಮಿತ್ರಾ ಚೀಲದಿಂದ ಚೀಟಿ ತೆಗೆದು ನೋಡಿದಳು. ಅದೇ ನಂಬರು. ಅದೇ ಮನೆ. ಹೆಸರು ಶೇವಂತಾಬಾಯಿ. ನಾನು ಮೂರು ದಿನದಿಂದ ಘಟ್ಟ ಹತ್ತಿ ಇಳಿದು, ಅವ್ವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿ, ಕೊನೆಗೆ ನಾನು ಬೇಡವೆಂದ ಮನೆಯ ಕಂಬಕ್ಕೇ ತಂದು ಒರಗಿಸಿದ್ದೆ!

"ಊರಿಗೆ ಬಂದಾಕಿ ನೀರಿಗೆ ಬರಲಾರದ ಇರತಾಳೇನು?" ಎಂದಳು ಅವ್ವ. ಮಾತು ಶೇವಂತಾಬಾಯಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು.

ಆ ದಿನ ಸಂಜೆತನಕ ನಾನು ನೋಡಿದ್ದು ಇಷ್ಟು. ಶೇವಂತಾಬಾಯಿ ಒಂದು ಹೊಸ ಪಾತ್ರೆ ಬೂದಿ ಹಚ್ಚಿ ತಿಕ್ಕಿ ಕೊಟ್ಟಳು. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಅವ್ವ ಅನ್ನಕ್ಕಿಟ್ಟಳು. ನಾವು ತಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಗಂಟು ಬಿಚ್ಚಿದಳು. ಒಂದು ಮುಟಗಿ ಮನುಕ ಶೇವಂತಾಬಾಯಿಯ ಕೈಗೆ ಹಾಕಿದಳು. ಆಮೇಲೆ ಇಬ್ಬರೂ ಒಣಹಾಕುವುದರ ಬಗ್ಗೆ ಮಾತಿಗೆ ಕೂತರು. ಮನುಕ ನೆರಳಿನಲ್ಲಿ ಒಣಗಬೇಕು, ಮೀನು ಬಿಸಿಲಿನಲ್ಲಿ. ಇಬ್ಬರಿಗೂ ಮೋಡ ಕಂಡರೆ ಎದೆ ಡವಡವ. ಇಬ್ಬರದೂ ಹಕ್ಕಿಗಳ ಜೊತೆ ಜಗಳ. ಜೀವಮಾನದಲ್ಲಿ ಮೀನು ಮುಟ್ಟದ ನನ್ನ ತಾಯಿ, "ಸಂಜೀಕ ತಂಪು ಬೀಳೂದರಾಗ ತಗೀಬೇಕು ನೋಡವ್ವ, ಇಲ್ಲಂದ್ರ ಬೂಸಲ ಹಿಡೀತೈತಿ" ಎಂದು ಕೂತಲ್ಲಿಂದಲೇ ಮೀನಿನ ಬಗ್ಗೆ ಸಲಹೆ ಕೊಡುತ್ತಿದ್ದಳು! ಶೇವಂತಾಬಾಯಿಯ ಗಂಡ ಬಲೆ ಸರಿಮಾಡುತ್ತ ಕೂತು ಆಗಾಗ ಒಂದೊಂದು ಮಾತು ಸೇರಿಸುತ್ತಿದ್ದ. ಅವ್ವನ ಮುಖದಲ್ಲಿ ಮೂರು ದಿನದ ಮೇಲೆ ಕಳೆ ಬಂದಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡಳು.

ನಾನು ನೀರು ಏರಿದ ಗೆರೆಗೆ ಒಂದು ಕಲ್ಲು ಇಟ್ಟು ಬಂದೆ. ಬಾಗಿಲಿಗೂ ಆ ಕಲ್ಲಿಗೂ ನಡುವೆ ಅರವತ್ತು ಹೆಜ್ಜೆ. ಬೆಳಗಿನತನಕ ಆ ಕಲ್ಲು ಅಲ್ಲೇ ಇತ್ತು.

ನಾಲ್ಕನೆಯ ದಿನ ಹೊತ್ತು ಮೂಡುವ ಹೊತ್ತಿಗೆ ಶೇವಂತಾಬಾಯಿ ಅವ್ವನನ್ನು ಎಬ್ಬಿಸಿದಳು. ಸಮುದ್ರ ಇಳಿಯುತ್ತಿತ್ತು. ಒದ್ದೆ ಮರಳು ಹೊಳೆಯುತ್ತಿತ್ತು. ಅವ್ವ ಮಿಂದು, ಇಬ್ಬರೂ ಹೆಂಗಸರ ಕೈ ಹಿಡಿದು ನಡೆದಳು. ಉಡಿ ಎತ್ತಿ ಹಿಡಿದು ಸಮುದ್ರಕ್ಕೆ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ನನಗೆ ಕೇಳಿಸಿದ್ದು ಕೊನೆಯ ಮಾತು ಒಂದೇ: "ಮುಟ್ಟಸಪಾ."

ಉಡಿ ಬಿಟ್ಟಳು. ತೆರೆ ತೆಗೆದುಕೊಂಡಿತು. ಮುಂದಿನ ತೆರೆ ಬರಿಗೈಯಲ್ಲಿ ಬಂತು. ಕಾಯಿ ದೂರ ದೂರ ಹೋಗಿ ಒಂದು ಚುಕ್ಕೆಯಾಗಿ, ಆಮೇಲೆ ಕಾಣದಾಯಿತು.

ಸುಮಿತ್ರಾ ಗಂಟಿನಿಂದ ಬೆಲ್ಲದ ಚೂರು ತೆಗೆದು ಅವ್ವನ ಬಾಯಿಗೆ ಇಟ್ಟಳು. ಅವ್ವ ಕಣ್ಣು ಮುಚ್ಚಿದಳು. ಆಕೆ ಅಗಿಯಲಿಲ್ಲ. ಬಾಯಲ್ಲೇ ಇಟ್ಟುಕೊಂಡು ಕರಗಿಸಿದಳು. ನನಗೆ ಅಳು ಬಂತು, ಅತ್ತೆ. ಎಷ್ಟು ವರ್ಷ ಈ ಒಂದು ಚೂರನ್ನು ನಾನು ಛಾಟಣಿ, ಕೊಯ್ಲು ಎಂದು ಆಕೆಯ ಬಾಯಿಂದ ದೂರ ಇಟ್ಟಿದ್ದೆ!

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ನಮ್ಮ ಚೀಲಗಳು ಘಟ್ಟದ ಮೇಲಿದ್ದವು. ಊರಿನ ದಾರಿಯೂ ಅದೇ. ಹತ್ತೂದಿಲ್ಲ ಎಂದಿದ್ದ ಅವ್ವ ಬೆಲ್ಲದ ಬಲದಿಂದ ಹತ್ತಿದಳು, ಒಂದು ತಿರುವಿಗೂ ಜೀಪು ನಿಲ್ಲಿಸಲಿಲ್ಲ.

ಅವ್ವನನ್ನು ಜೀಪಿನಲ್ಲೇ ಬಿಟ್ಟು ನಾನು, ಸುಮಿತ್ರಾ ಚೀಲ ತರಲು ಹೋದೆವು. ವಸತಿಗೃಹದ ಮುದುಕ ಕೆಲಸ ಆಯಿತೇ ಎಂದು ಕೇಳಿದ. ನಾನು ಎದೆಯುಬ್ಬಿಸಿ, ಕೃಷ್ಣಾಬಾಯಿಯ ಗಂಡನ ಮನೆಗೆ ಹೋಗಿ ಉಡಿ ತುಂಬಿ ಬಂದೆವು ಎಂದೆ.

"ಕೃಷ್ಣಾ?" ಎಂದ ಆತ. "ಕೃಷ್ಣಾ ಈ ಸಮುದ್ರಕ್ಕೆ ಎಲ್ಲಿ ಬರುತ್ತಾಳೆ ಸಾಹೇಬ?"

ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಆ ಸಣ್ಣ ತೊರೆ ತೋರಿಸಿದ. ಇದು ಹಿರಣ್ಯಕೇಶಿಗೆ ಸೇರುತ್ತದೆ. ಹಿರಣ್ಯಕೇಶಿ ನಿಮ್ಮ ಸಂಕೇಶ್ವರದ ಮೇಲೆ ಹಾದು ಘಟಪ್ರಭೆಗೆ, ಘಟಪ್ರಭೆ ಕೃಷ್ಣೆಗೆ. ಕೃಷ್ಣೆ ಮೂಡಲಕ್ಕೆ, ಆ ಕಡೆಯ ಸಮುದ್ರಕ್ಕೆ. ರಸ್ತೆಯ ಆಚೆ ಬಿದ್ದ ಮಳೆ ಮಾತ್ರ ನೀವು ನೋಡಿಬಂದ ಸಮುದ್ರಕ್ಕೆ ಇಳಿಯುತ್ತದೆ. ಮನೆಯ ಮೇಲಿನ ಹಂಚಿನ ನೀರು ಎರಡು ಕಡೆ ಬೀಳುವುದಿಲ್ಲವೇ, ಹಾಗೆ. ಇಷ್ಟನ್ನು ಆತ ಬಹಳ ಮರ್ಯಾದೆಯಿಂದ ಹೇಳಿದ.

ನಾನು ತೊರೆಯ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಹುಟ್ಟಿದಾಗಿನಿಂದ ಆ ಹೊಳೆಯ ದಂಡೆಯಲ್ಲಿದ್ದೇನೆ. ಯಡೂರಿನ ಕಡೆಯಿಂದ ಬಂದು ಕುಡಚಿಯ ಕಡೆ, ಹೊತ್ತು ಮೂಡುವ ದಿಕ್ಕಿಗೇ ಅದು ಹೋಗುವುದನ್ನು ದಿನಾ ನೋಡಿದ್ದೇನೆ. ನೋಡಿದ್ದೇನೆಯೇ? ನೀರು ಎಷ್ಟು ಏರಿತು ಎಂದು ನೋಡಿದೆನೇ ಹೊರತು ಎತ್ತ ಹೋಯಿತು ಎಂದು ಒಂದು ದಿನವೂ ನೋಡಲಿಲ್ಲ! ಸಮುದ್ರ ಎಂದರೆ ಕೊಂಕಣ, ಕೊಂಕಣ ಎಂದರೆ ಘಟ್ಟ ಇಳಿಯುವುದು, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಕೃಷ್ಣಾಬಾಯಿಯ ಗಂಡನ ಮನೆ ಎಂದು ಯಾರದೋ ಮನೆಯ ಬಾಗಿಲು ಬಡಿದು ಬಂದಿದ್ದೆ.

"ಅಂದ್ರ, ಅತ್ತಿಯವರ ಹರಕಿ?" ಎಂದಳು ಸುಮಿತ್ರಾ. ಆಕೆಯ ಮುಖವೂ ಇಳಿದಿತ್ತು. "ಹೇಳಬ್ಯಾಡ್ರಿ. ಬೆಲ್ಲಾ ತಿಂದಾರ."

ಹೇಳದೆ ಇರಬಹುದಿತ್ತು. ಆದರೆ ಹರಕೆಯ ವಿಷಯದಲ್ಲಿ ತಾಯಿಗೆ ಸುಳ್ಳು ಹೇಳಿ ನಾನು ಯಾವ ಎತ್ತರದ ಜಾಗದಲ್ಲಿ ಕೂತರೇನು? ಜೀಪಿನ ಹತ್ತಿರ ಹೋದೆ. ಅವ್ವ ಎರಡನೆಯ ಚೂರು ಬೆಲ್ಲ ಬಾಯಿಗಿಟ್ಟುಕೊಂಡಿದ್ದಳು. ನಾನು ಆಕೆಯ ಕಾಲ ಮೇಲೆ ಕೈಯಿಟ್ಟು ಎಲ್ಲ ಹೇಳಿದೆ.

ಅವ್ವ ಬೆಲ್ಲವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದಳು.

"ಗೊತ್ತೈತಿ."

"ಏನ್ ಗೊತ್ತೈತವ್ವ?"

"ಕೃಷ್ಣಾಬಾಯಿ ಇಲ್ಲಿಗೆ ಬರೂದಿಲ್ಲ ಅಂತ. ನಿನ್ನಿ ಅನ್ನಾ ಬೇಯೂವಾಗ ಶೇವಂತಾನ ಗಂಡನ್ನ ಕೇಳಿದೆ, ಅಕಿ ಯಾವ ಕಡಿಂದ ಬಂದು ಕೂಡತಾಳಪಾ ಅಂತ. ಈ ದಂಡಿ ಉದ್ದಕೂ ಹಡಗಾ ಹಾಕ್ಯಾನ ಅಂವ, ಎಲ್ಲಾ ಹೊಳಿ ಬಾಯಿ ನೋಡ್ಯಾನ. ಕೃಷ್ಣಾ ಅನ್ನೂದು ಯಾವದೂ ಇಲ್ಲ ಆಜಿ, ಅಕಿ ಮೂಡಲ ಸಮುದ್ರಕ್ಕ ಹೋಗತಾಳ ಅಂದ."

"ಮತ್ತ ಉಡಿ ಬಿಟ್ಟೆಲ್ಲವ್ವ!"

"ಬಿಟ್ಟೆ. ಅಂವ ಹಿರೇ ಸಮುದ್ರ, ಇಂವ ಕಿರೇ ಸಮುದ್ರ. ಕೃಷ್ಣಾಬಾಯಿಗೆ ಇಂವ ಮೈದುನ ಆಗಬೇಕು. 'ನಿಮ್ಮ ವೈನಿಗೆ ಉಡಿ ತಂದೇನಿ, ನಿನ್ನ ಕೈಯಾಗ ಕೊಡತೇನಿ, ಅಣ್ಣನ ಮನಿಗೆ ಮುಟ್ಟಸಪಾ' ಅಂದೆ. ಇಸಗೊಂಡ. ನೀನ ನೋಡಿದೆಲ್ಲ? ಎರಡೂ ನೀರು ಎಲ್ಲೋ ಒಂದು ಕಡೆ ಕೂಡೂವಽ. ಸಮುದ್ರದಾಗ ಯಾರರ ಬದು ಹಾಕ್ಯಾರೇನು?"

"ನನಗ್ಯಾಕ ನಿನ್ನೆನ ಹೇಳಲಿಲ್ಲವ್ವ?" ಎಂದೆ.

"ಹೇಳಿದ್ರ ನೀ ಆ ಸಮುದ್ರಕ್ಕ ಎತ್ತರದ ಜಾಗಾ ಹುಡುಕಾಕ ಕೂಡತಿದ್ದಿ. ಅಲ್ಲೀತನಕಾ ನಾ ಇರಬೇಕಲ್ಲ ಮಗನ!"

ಸುಮಿತ್ರಾ ಈ ಸಲ ಬೆನ್ನು ತಿರುಗಿಸದೆ ನಕ್ಕಳು. ಅವ್ವನೂ ನಕ್ಕಳು. ನನ್ನ ಬಾಯಿಗೂ ಒಂದು ಚೂರು ಬೆಲ್ಲ ತುರುಕಿದಳು. ನಾನು ಜೀಪು ಚಾಲೂ ಮಾಡಿ ಚಿಕ್ಕೋಡಿಯ ದಾರಿ ಹಿಡಿದೆ.

ಇದಾದ ಮೇಲೆ ಮಳೆಗಾಲ ಬಂತು. ಕೃಷ್ಣೆ ಏರತೊಡಗಿದಳು. ರೂಢಿಯಂತೆ ಓಣಿಯ ನಾಲ್ಕು ಹಿರಿಯರು ನಮ್ಮ ಕಟ್ಟೆಗೆ ಬಂದು ಕೂತರು. "ಅಣ್ಣಾಸಾಬ, ಈ ಸಲ ದನಾ ಎಲ್ಲಿ ಕಟ್ಟೂದು, ಮಂದಿ ಯಾವ ಕಡಿ ಹೋಗೂದು? ನೀವು ಹೇಳಿದಂಗ" ಎಂದರು. ನಾನು ಗಂಟಲು ಸರಿಮಾಡಿಕೊಂಡು, ಹೊಸ ಟೋಪಿ ನೇರ ಮಾಡಿಕೊಂಡೆ.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ, ಬೆಲ್ಲದ ಚಹ ಸೊರ್ರೆಂದು ಹೀರಿದ ಸದ್ದಿನ ಹಿಂದೆಯೇ ಅವ್ವನ ಧ್ವನಿ ಬಂತು:

"ಎತ್ತರಾ ಎಷ್ಟ ಅಂತ ಅಷ್ಟ ಕೇಳ್ರಪಾ ಅವನ್ನ. ದಿಕ್ಕು ಮಾತ್ರ ಕೇಳಬ್ಯಾಡ್ರಿ!"